ಬಾಣಲೆಯ ಎಣ್ಣೆಗೆ ಲೆಕ್ಕ ಇದೆ, ಬಾಟಲಿಯ ಎಣ್ಣೆಗೆ?

2025ರ ಫೆಬ್ರುವರಿಯ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿ ದೇಶದ ಬೊಜ್ಜಿನ ಬಗ್ಗೆ ಮಾತಾಡಿದರು. ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಅಂದರು. ಅದಾಗಿ ಎರಡು ವಾರ ಕಳೆಯುವ ಮೊದಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿ ವರಮಾನದ ಗುರಿ ಕೊಟ್ಟರು. ಬಾಣಲೆಯ ಎಣ್ಣೆ ಕಡಿಮೆ ಮಾಡಿ ಅಂತ ಒಂದು ಸರ್ಕಾರ, ಬಾಟಲಿಯ ಎಣ್ಣೆಯಿಂದ ಖಜಾನೆ ತುಂಬಿಸಿಕೊಳ್ಳುವ ಇನ್ನೊಂದು ಸರ್ಕಾರ. ಇದರಲ್ಲಿ ಪಕ್ಷದ ಪ್ರಶ್ನೆ ಏನೂ ಇಲ್ಲ ಬಿಡಿ. ಯಾರು ಬಂದರೂ ಅಬಕಾರಿ ಗುರಿ ಮೇಲಕ್ಕೇ ಹೋಗುತ್ತದೆ.

ಈ ಎರಡೂ ಎಣ್ಣೆಗಳು ಒಂದೇ ದೇಹದಲ್ಲಿ ಎದುರುಬದುರಾಗುವ ಜಾಗ ಒಂದಿದೆ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರ ದೇಹ. ಬೇರಿಯಾಟ್ರಿಕ್ ಸರ್ಜರಿ ಎಂಬ ಹೆಸರು ಹತ್ತು ವರ್ಷದ ಹಿಂದೆ ನಮ್ಮಲ್ಲಿ ಅಷ್ಟಾಗಿ ಕೇಳಿಬರುತ್ತಿರಲಿಲ್ಲ. ಈಗ ಬೆಂಗಳೂರಿನ ರಸ್ತೆಬದಿಯ ಹೋರ್ಡಿಂಗ್‌ನಿಂದ ಮೊಬೈಲಿನ ರೀಲ್ಸ್‌ವರೆಗೆ ‘ಮೊದಲು–ನಂತರ’ ಫೋಟೊಗಳದ್ದೇ ಕಾರುಬಾರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅತಿತೂಕ ಅಥವಾ ಬೊಜ್ಜಿನವರು. ಅಂದರೆ ಈ ಫೋಟೊಗಳಿಗೆ ಗಿರಾಕಿಗಳು ಹೆಚ್ಚುತ್ತಲೇ ಹೋಗುತ್ತಾರೆ.

‘ನಂತರ’ ಎಂಬ ಆ ಫೋಟೊ ತೆಗೆಯುವುದು ಸಾಮಾನ್ಯವಾಗಿ ಮೊದಲ ವರ್ಷದ ಕೊನೆಗೆ. ತೊಂದರೆ ತಲೆ ಎತ್ತುವುದು ಅದಾದ ಮೇಲೆ. ಎರಡನೇ ವರ್ಷದಿಂದಾಚೆಗೆ ಏನು ತಿನ್ನಬೇಕು, ಏನು ಕುಡಿಯಬಾರದು, ಯಾಕೆ ಕುಡಿಯಬಾರದು ಅಂತ ರೋಗಿಗೆ ಯಾರು ಹೇಳುತ್ತಾರೆ? ಯಾರು ಕೇಳುತ್ತಾರೆ? ಎಡವಿದರೆ ಖರ್ಚು ಯಾರು ಕೊಡುತ್ತಾರೆ? ಈ ಬರಹ ಇರುವುದು ಈ ಪ್ರಶ್ನೆಗಳ ಸುತ್ತ.

ಇದು ಕೊಬ್ಬು ತೆಗೆಸುವ ಆಪರೇಷನ್ ಅಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 2022ರಲ್ಲಿ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡಾಗ ಇಡೀ ರಾಜ್ಯ ಮಾತಾಡಿತು. ಅಂದಿನಿಂದ ‘ತೂಕದ ಆಪರೇಷನ್’ ಅಂದರೆ ಬಹಳ ಜನಕ್ಕೆ ಅದೇ ನೆನಪು. ಆದರೆ ಅದು ಅಂದಕ್ಕಾಗಿ ಚರ್ಮದ ಕೆಳಗಿನ ಕೊಬ್ಬನ್ನು ಹೊರತೆಗೆಯುವ ಚಿಕಿತ್ಸೆ. ಬೇರಿಯಾಟ್ರಿಕ್ ಸರ್ಜರಿ ಕೈ ಹಾಕುವುದು ಜಠರಕ್ಕೆ, ಕರುಳಿಗೆ.

ಇದರಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದು ಸ್ಲೀವ್. ಜಠರದ ಶೇ 75ರಿಂದ 80 ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟನ್ನು ಉಳಿಸುತ್ತಾರೆ. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಅನ್ನ ಅದರ ದಾರಿ ಹಿಡಿಯುವುದಿಲ್ಲ.

ಇದರಿಂದ ಉಪಯೋಗ ಇಲ್ಲವೇ? ಖಂಡಿತ ಇದೆ. 1987ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಅಧ್ಯಯನ ಈ ವಿಷಯದಲ್ಲಿ ಅತಿ ದೀರ್ಘಕಾಲ ನಡೆದವುಗಳಲ್ಲಿ ಒಂದು. ಅದರಲ್ಲಿ ಆಪರೇಷನ್ ಮಾಡಿಸಿಕೊಂಡವರು, ಅಷ್ಟೇ ಬೊಜ್ಜಿದ್ದು ಮಾಡಿಸಿಕೊಳ್ಳದವರಿಗಿಂತ ಸರಾಸರಿ 3 ವರ್ಷ ಹೆಚ್ಚು ಬದುಕುತ್ತಾರೆ ಎಂಬ ಲೆಕ್ಕ 2020ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಮಂಡಿನೋವು ತಗ್ಗುತ್ತದೆ, ರಾತ್ರಿ ಉಸಿರು ಕಟ್ಟುವುದು ನಿಲ್ಲುತ್ತದೆ. ಆದ್ದರಿಂದ ‘ಬಾಯಿ ಕಟ್ಟಲಾಗದವರು ಹೊಟ್ಟೆ ಕೊಯ್ಸಿಕೊಂಡರು’ ಎಂಬ ಅಗ್ಗದ ಮಾತಿಗೆ ಇಲ್ಲಿ ಜಾಗ ಇಲ್ಲ. ಬೊಜ್ಜು ಒಂದು ಕಾಯಿಲೆ, ಇದು ಅದಕ್ಕಿರುವ ಗಟ್ಟಿ ಚಿಕಿತ್ಸೆ. ಗಟ್ಟಿ ಚಿಕಿತ್ಸೆಯಾದ್ದರಿಂದಲೇ ಅದರ ಷರತ್ತುಗಳೂ ಗಟ್ಟಿ.

‘ಈಗ ಇಂಜೆಕ್ಷನ್ ಬಂದಿದೆಯಲ್ಲ, ಆಪರೇಷನ್ ಯಾಕೆ’ ಅಂತ ಕೇಳಬಹುದು. ಮೌಂಜಾರೊ, ವೆಗೋವಿ 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದವು, ನಿಜ. ಆದರೆ ಇಂಜೆಕ್ಷನ್ ನಿಲ್ಲಿಸಿದರೆ ತೂಕ ಮರಳುವುದೇ ಹೆಚ್ಚು. ಬಿಎಂಐ ತೀರಾ ಹೆಚ್ಚಿರುವವರಿಗೆ ವೈದ್ಯರು ಈಗಲೂ ಆಪರೇಷನ್ ಸೂಚಿಸುತ್ತಾರೆ. ಒಂದು ದೊಡ್ಡ ವ್ಯತ್ಯಾಸ ನೆನಪಿರಲಿ. ಇಂಜೆಕ್ಷನ್ ಬೇಡವೆನಿಸಿದರೆ ಬಿಡಬಹುದು, ಕತ್ತರಿಸಿ ತೆಗೆದ ಜಠರವನ್ನು ವಾಪಸ್ ಹಾಕಿಸಿಕೊಳ್ಳಲು ಆಗುವುದಿಲ್ಲ.

ಟ್ಯಾಂಕು ಚಿಕ್ಕದಾಯಿತು, ವಾಲ್ವೂ ಹೋಯಿತು

ಜಠರ ಅಂದರೆ ಅನ್ನ ತುಂಬುವ ಚೀಲ ಅಷ್ಟೇ ಅಂತ ನಾವು ತಿಳಿದುಕೊಂಡಿರುತ್ತೇವೆ. ಎಂಜಿನಿಯರಿಂಗ್ ಓದಿದವರ ಕಣ್ಣಿಗೆ ಅದು ವಾಲ್ವ್ ಇರುವ ಟ್ಯಾಂಕ್. ಬಂದದ್ದನ್ನೆಲ್ಲ ಹಿಡಿದಿಟ್ಟುಕೊಂಡು, ತಳದಲ್ಲಿರುವ ಬಾಗಿಲಿನ ಮೂಲಕ ಸ್ವಲ್ಪಸ್ವಲ್ಪವೇ ಕರುಳಿಗೆ ಬಿಡುವುದು ಅದರ ಕೆಲಸ. ಆಲ್ಕೋಹಾಲ್ ರಕ್ತಕ್ಕೆ ಸೇರುವುದು ಬಹುಪಾಲು ಸಣ್ಣಕರುಳಿನಲ್ಲಿ. ಹೊಟ್ಟೆ ತುಂಬ ಉಂಡು ಕುಡಿದರೆ ನಿಧಾನಕ್ಕೆ ಏರುತ್ತೆ, ಖಾಲಿ ಹೊಟ್ಟೆಯಲ್ಲಿ ಕುಡಿದರೆ ಥಟ್ಟನೆ ಏರುತ್ತೆ ಅನ್ನುವುದು ಕುಡಿಯುವವರಿಗೆಲ್ಲ ಗೊತ್ತಿರುವ ಅನುಭವ. ಕಾರಣ ಈ ವಾಲ್ವೇ.

ಬೈಪಾಸ್ ಆದವರಲ್ಲಿ ಆ ಟ್ಯಾಂಕೂ ಇಲ್ಲ, ವಾಲ್ವೂ ದಾರಿಯಲ್ಲಿಲ್ಲ. ಕುಡಿದದ್ದು ಗಂಟಲಿಂದ ಹೆಚ್ಚುಕಡಿಮೆ ನೇರವಾಗಿ ಕರುಳಿಗೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೈಪಾಸ್ ಆದ ಮತ್ತು ಆಗದ ಮಹಿಳೆಯರಿಗೆ ಒಂದೇ ಅಳತೆಯ ಮದ್ಯ ಕೊಟ್ಟು ರಕ್ತ ಪರೀಕ್ಷಿಸಿದರು. ಬೈಪಾಸ್ ಆದವರ ರಕ್ತದಲ್ಲಿ ಆಲ್ಕೋಹಾಲ್ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿತು, ಅದೂ ಸುಮಾರು ದುಪ್ಪಟ್ಟು ಮಟ್ಟಕ್ಕೆ. ಎರಡು ಡ್ರಿಂಕ್ ಕುಡಿದರೆ ನಾಲ್ಕು ಕುಡಿದಂತೆ ಎಂಬುದು 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಸಾರ. ಸ್ಲೀವ್ ಆದವರಲ್ಲಿ ವಾಲ್ವ್ ಉಳಿದಿರುತ್ತದೆ, ಹಾಗಾಗಿ ಅವರಿಗೆ ತೊಂದರೆ ಇಲ್ಲ ಎಂಬ ನಂಬಿಕೆ ಇತ್ತು. ಅದೇ ಸಂಶೋಧಕರ ನಂತರದ ಕೆಲಸ ಅಲ್ಲೂ ಇಂಥದ್ದೇ ಏರಿಕೆಯನ್ನು ತೋರಿಸಿತು.

ಇದನ್ನು ನಮ್ಮ ‘ನೈಂಟಿ’ಗೆ ಇಳಿಸಿ ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮಿನ ಸಾಮಾನ್ಯ ತೀವ್ರತೆ ಶೇ 42.8. 90 ಎಂಎಲ್‌ನ ಒಂದು ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ 10 ಗ್ರಾಮಿಗೆ ಒಂದು ಡ್ರಿಂಕ್ ಅಂತ ಲೆಕ್ಕ. ಅಂದರೆ ‘ಒಂದೇ ಒಂದು ನೈಂಟಿ’ ಎಂಬುದು ಆಗಲೇ ಮೂರು ಡ್ರಿಂಕ್. ಆಪರೇಷನ್ ಆದ ದೇಹಕ್ಕೆ ಅದರ ಏಟು ಆರರದ್ದು. ಕುಡಿದವರು ಮಾತ್ರ ಲೆಕ್ಕದಲ್ಲಿ ಒಂದೇ ಅಂದುಕೊಂಡಿರುತ್ತಾರೆ.

ಡ್ರೈವಿಂಗ್ ವಿಷಯವನ್ನೂ ಇಲ್ಲೇ ನೋಡಿಬಿಡೋಣ. ಮೋಟಾರು ವಾಹನ ಕಾಯ್ದೆ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. 70 ಕೆಜಿ ತೂಕದ ಗಂಡಸಿನ ರಕ್ತಕ್ಕೆ 60 ಎಂಎಲ್‌ನ ಒಂದು ಲಾರ್ಜ್ ಒಮ್ಮೆಲೇ ಸೇರಿದರೆ ಮಟ್ಟ 40ರ ಆಸುಪಾಸು ಹೋಗುತ್ತದೆ. ಮಾಮೂಲಿ ಹೊಟ್ಟೆಯಲ್ಲಿ ಅದು ಒಮ್ಮೆಲೇ ಸೇರುವುದಿಲ್ಲ, ಆಪರೇಷನ್ ಆದ ಹೊಟ್ಟೆಯಲ್ಲಿ ಸೇರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. 110 ಕೆಜಿ ಇದ್ದವರು 70ಕ್ಕೆ ಇಳಿದಾಗ ದೇಹದ ನೀರಿನಂಶವೂ ಇಳಿದಿರುತ್ತದೆ. ಅಷ್ಟೇ ಮದ್ಯ ಕಡಿಮೆ ನೀರಿನಲ್ಲಿ ಬೆರೆಯುತ್ತದೆ. ‘ನನ್ನ ಕೆಪಾಸಿಟಿ ನನಗೆ ಗೊತ್ತು’ ಅನ್ನುವವರಿಗೆ ಗೊತ್ತಿರುವುದು ಹಳೇ ದೇಹದ ಕೆಪಾಸಿಟಿ.

ಅಪಾಯ ಬರುವುದು ಎರಡನೇ ವರ್ಷಕ್ಕೆ

ಬೇಗ ಅಮಲೇರುವುದು ಒಂದು ಸಮಸ್ಯೆಯಾದರೆ, ಅದು ಚಟವಾಗುವುದು ಬೇರೆಯದೇ ಸಮಸ್ಯೆ. ಅಮೆರಿಕದ ಹತ್ತು ಆಸ್ಪತ್ರೆಗಳ ಸುಮಾರು 2,000 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನ 2012ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂತು. ಮದ್ಯವ್ಯಸನದ ಲಕ್ಷಣ ಇದ್ದವರು ಆಪರೇಷನ್‌ಗೆ ಮುನ್ನ ಶೇ 7.6, ಮೊದಲ ವರ್ಷದ ಕೊನೆಗೆ ಶೇ 7.3. ಏನೂ ಬದಲಾಗಿಲ್ಲ ಅನಿಸುತ್ತದೆ. ಎರಡನೇ ವರ್ಷಕ್ಕೆ ಶೇ 9.6. ಅದೇ ತಂಡ 2017ರಲ್ಲಿ ಇನ್ನಷ್ಟು ದೀರ್ಘಾವಧಿಯ ಲೆಕ್ಕ ಕೊಟ್ಟಿತು. ಬೈಪಾಸ್ ಆದವರಲ್ಲಿ, ಹಿಂದಿನ ಒಂದು ವರ್ಷದಲ್ಲಿ ಇಂಥ ಲಕ್ಷಣ ಇಲ್ಲದೇ ಇದ್ದವರ ಪೈಕಿ ಕೂಡ, ಐದು ವರ್ಷದೊಳಗೆ ಐವರಲ್ಲಿ ಒಬ್ಬರಿಗೆ ಲಕ್ಷಣ ಕಾಣಿಸಿಕೊಂಡಿತ್ತು. ಜಠರದ ಸುತ್ತ ಬರೀ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಅದು ಶೇ 11ರಷ್ಟಿತ್ತು. ಬ್ಯಾಂಡ್ ಹಾಕಿದಾಗ ಮದ್ಯ ರಕ್ತಕ್ಕೆ ಸೇರುವ ದಾರಿ ಬದಲಾಗುವುದಿಲ್ಲ ಎಂಬುದನ್ನು ಗಮನಿಸಿ.

‘ಊಟದ ಚಟ ಹೋಗಿ ಕುಡಿತದ ಚಟ ಬಂತು’ ಎಂಬ ವಿವರಣೆ ಜನಪ್ರಿಯ. ಕೇಳಲು ಸೊಗಸಾಗಿದೆ, ಆದರೆ ಅದೊಂದೇ ಕಾರಣವಾಗಿದ್ದರೆ ಬ್ಯಾಂಡ್‌ನವರಿಗೂ ಬೈಪಾಸ್‌ನವರಿಗೂ ಇಷ್ಟು ಅಂತರ ಇರಬೇಕಿರಲಿಲ್ಲ. ಬೇಗ ಏರುವ, ಜೋರಾಗಿ ಏರುವ ವಸ್ತುವಿಗೆ ಮಿದುಳು ಬೇಗ ಅಂಟಿಕೊಳ್ಳುತ್ತದೆ. ದೇಹದ ಈ ಬದಲಾವಣೆಗೆ ಬದುಕಿನ ಬದಲಾವಣೆಯೂ ಸೇರಿಕೊಳ್ಳುತ್ತದೆ. ತೂಕ ಇಳಿದವರು ಮೊದಲ ಬಾರಿಗೆ ಪಾರ್ಟಿಗೆ ಹೋಗುತ್ತಾರೆ, ಕರೆಯುವವರು ಹೆಚ್ಚುತ್ತಾರೆ, ತಟ್ಟೆ ಮುಂದೆ ಅರ್ಧ ಗಂಟೆ ಕೂರಲಾಗದವರಿಗೆ ಕೈಯಲ್ಲಿ ಹಿಡಿದುಕೊಳ್ಳಲು ಗ್ಲಾಸ್ ಸಿಗುತ್ತದೆ. ಯಾರಿಗೆ ಅಪಾಯ ಹೆಚ್ಚು ಎಂಬುದನ್ನೂ 2012ರ ಅಧ್ಯಯನ ಗುರುತಿಸಿತು. ಗಂಡಸರು, ಚಿಕ್ಕ ವಯಸ್ಸಿನವರು, ಸಿಗರೇಟು ಸೇದುವವರು, ಮೊದಲಿಂದಲೂ ನಿಯಮಿತವಾಗಿ ಕುಡಿಯುವವರು, ನನ್ನವರು ಅಂತ ಯಾರೂ ಇಲ್ಲ ಅನ್ನಿಸುವವರು.

ಅಮೆರಿಕದ ಶೇಕಡಾವಾರು ಲೆಕ್ಕವನ್ನು ತಂದು ಹಾಗೇ ಮಂಡ್ಯಕ್ಕೋ ಮಂಗಳೂರಿಗೋ ಅಂಟಿಸಲಾಗದು. ನಮ್ಮಲ್ಲಿ ಕುಡಿಯುವ ಹೆಂಗಸರ ಸಂಖ್ಯೆ ತೀರಾ ಕಡಿಮೆ, ಜೀವನದಲ್ಲಿ ಮದ್ಯ ಮುಟ್ಟದ ಗಂಡಸರೂ ಬಹಳ. ಐವರಲ್ಲಿ ನಾಲ್ವರಿಗೆ ಅಲ್ಲೂ ಏನೂ ಆಗಲಿಲ್ಲ ಎಂಬುದೂ ಸತ್ಯ. ಆದರೆ ಶರೀರಶಾಸ್ತ್ರಕ್ಕೆ ದೇಶದ ಗಡಿ ಇಲ್ಲ. ಅದಕ್ಕೇ ಬಹಳಷ್ಟು ಆಸ್ಪತ್ರೆಗಳು ಆರು ತಿಂಗಳಿಂದ ಒಂದು ವರ್ಷ ಮದ್ಯ ಮುಟ್ಟಲೇಬೇಡಿ ಅನ್ನುತ್ತವೆ. ಅಪಾಯದ ಗುಂಪಿನವರು ಪೂರ್ತಿ ಬಿಡುವುದೇ ಮೇಲು.

ಎಡವಟ್ಟು ಇರುವುದು ಈ ‘ಒಂದು ವರ್ಷ’ದಲ್ಲೇ. ನಿಷೇಧದ ಅವಧಿ ಮುಗಿಯಿತು ಅಂತ ರೋಗಿ ಅಂದುಕೊಳ್ಳುವ ಹೊತ್ತಿಗೆ ತೂಕ ಇಳಿದಾಗಿರುತ್ತದೆ, ಆಸ್ಪತ್ರೆಯ ಭೇಟಿಗಳು ವಿರಳವಾಗಿರುತ್ತವೆ, ಮನೆಯವರ ಕಾವಲೂ ಸಡಿಲವಾಗಿರುತ್ತದೆ. ಅಂಕಿಗಳ ಪ್ರಕಾರ ಏರಿಕೆ ಶುರುವಾಗುವುದೂ ಆಗಲೇ.

ತಟ್ಟೆಯಲ್ಲಿ ಯಾರಿಗೆ ಮೊದಲ ಮಣೆ?

ಗ್ಲಾಸಿನ ಕತೆ ಅರ್ಥವಾಗಬೇಕಾದರೆ ತಟ್ಟೆಯ ಕತೆಯೂ ಗೊತ್ತಿರಬೇಕು. ಎರಡಕ್ಕೂ ಜಾಗ ಒಂದೇ, ಅದೂ ಕಾಫಿ ಲೋಟಕ್ಕಿಂತ ಕಿರಿದು. ಆಪರೇಷನ್ ನಂತರ ಮೊದಲು ಗಂಜಿ, ಮಜ್ಜಿಗೆಯಂಥ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಒಂದೂವರೆ ಎರಡು ತಿಂಗಳಾದ ಮೇಲೆ ಮಾಮೂಲಿ ಊಟ. ಇಷ್ಟನ್ನು ಎಲ್ಲರೂ ಪಾಲಿಸುತ್ತಾರೆ. ಕಷ್ಟ ಇರುವುದು ಮಾಮೂಲಿ ಊಟಕ್ಕೆ ಮರಳಿದ ಮೇಲೆ.

ದಿನಕ್ಕೆ 60 ಗ್ರಾಂಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುತ್ತದೆ, ಸುಸ್ತು ಬಿಡುವುದಿಲ್ಲ. ನಮ್ಮ ತಟ್ಟೆಯ ಲೆಕ್ಕ ನೋಡಿ. 100 ಗ್ರಾಂ ಅನ್ನದಲ್ಲಿ ಪ್ರೋಟೀನ್ ಮೂರು ಗ್ರಾಂ ಕೂಡ ಇಲ್ಲ. ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6–7, 100 ಗ್ರಾಂ ಪನೀರಿನಲ್ಲಿ ಸುಮಾರು 18, ಅಷ್ಟೇ ಮೀನಿನಲ್ಲಿ 20ರ ಹತ್ತಿರ. ತಿಳಿಸಾರು–ಅನ್ನದಿಂದ 60 ಮುಟ್ಟುವುದು ದೊಡ್ಡ ಹೊಟ್ಟೆಯವರಿಗೇ ಕಷ್ಟ. ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ, ಚಪಾತಿ.

ಇದು ನಮ್ಮ ಊಟದ ಪದ್ಧತಿಗೆ ತಲೆಕೆಳಗು. ನಮ್ಮ ಎಲೆ ಊಟ ಶುರುವಾಗುವುದೇ ಪಾಯಸದಿಂದ. ಬೈಪಾಸ್ ಆದವರು ಸಿಹಿಯಿಂದ ಶುರು ಮಾಡಿದರೆ ಸಕ್ಕರೆ ಒಮ್ಮೆಗೇ ಕರುಳಿಗೆ ಬಿದ್ದು ಹತ್ತು–ಮೂವತ್ತು ನಿಮಿಷದಲ್ಲಿ ಎದೆ ಢವಢವ, ಬೆವರು, ಹೊಟ್ಟೆ ನುಲಿತ, ಭೇದಿ ಶುರುವಾಗಬಹುದು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಅದೇ ಎಲೆಯಲ್ಲಿರುವ ಹೆಸರುಬೇಳೆ ಕೋಸಂಬರಿ ಮಾತ್ರ ಇವರಿಗೆ ಹೇಳಿ ಮಾಡಿಸಿದ್ದು, ಚೆನ್ನಾಗಿ ಅಗಿದು ತಿಂದರೆ. ಬಸ್ಸಾರು ಮಾಡಿದ ದಿನ ಸಾರಿಗಿಂತ ಬಸಿದ ಕಾಳಿನ ಪಲ್ಯಕ್ಕೆ ಮೊದಲ ಮಣೆ.

ಮುದ್ದೆಯ ವಿಷಯ ಇನ್ನೂ ಕುತೂಹಲದ್ದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅನ್ನುವುದು ನಮ್ಮ ಹಳೇ ಮೈಸೂರು ಕಡೆಯ ಅಲಿಖಿತ ಕಾನೂನು. ಆಪರೇಷನ್ ನಂತರದ ಮೊದಲ ಕಾನೂನು ಅದಕ್ಕೆ ನೇರ ಉಲ್ಟಾ. ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯಬೇಕು. ನುಂಗಿದ ಮುದ್ದೆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೆ ಎದೆನೋವು, ವಾಂತಿ. ‘ರಾಗೀಲಿ ಕ್ಯಾಲ್ಸಿಯಂ ಇದೆಯಲ್ಲ’ ಅನ್ನುವುದು ನಿಜವೇ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ. ಆದರೆ ಇವರಿಗೆ ದಿನಕ್ಕೆ ಬೇಕಿರುವುದು 1,200ರಿಂದ 1,500. ಅದು ಮಾತ್ರೆಯಿಂದಲೇ ಬರಬೇಕು. ಬಿ12, ಕಬ್ಬಿಣ, ಡಿ ವಿಟಮಿನ್ ಕೂಡ ಅಷ್ಟೇ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಮೊದಲೇ ಕಡಿಮೆ ಇರುತ್ತದೆ. ಜಠರ ಕಿರಿದಾದ ಮೇಲೆ ಇದ್ದದ್ದನ್ನು ಹೀರಿಕೊಳ್ಳುವುದೂ ಕಷ್ಟ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಕಬ್ಬಿಣ ದಕ್ಕುವುದಿಲ್ಲ. ಈ ಮಾತ್ರೆಗಳು ಮೂರು ತಿಂಗಳ ಕೋರ್ಸ್ ಅಲ್ಲ, ಜೀವನಪರ್ಯಂತ.

ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಡಿ ಅನ್ನುವ ನಿಯಮವನ್ನು ನೆನಪಿಟ್ಟುಕೊಂಡು ಈಗ ಬಾರ್ ಟೇಬಲ್ ಕಡೆ ನೋಡಿ. ಅಲ್ಲಿರುವುದೆಲ್ಲ ಈ ಹೊಟ್ಟೆಯ ನಿಯಮಗಳಿಗೆ ತದ್ವಿರುದ್ಧ. ಗ್ಯಾಸ್ ತುಂಬಿದ ಬಿಯರ್, ಸೋಡಾ. ಸಿಹಿ ತುಂಬಿದ ಕೋಲಾ. ನೆಂಚಿಕೊಳ್ಳಲು ಚಿಪ್ಸ್, ಮಿಕ್ಸ್‌ಚರ್, ಹಪ್ಪಳ. ಬಾಯಲ್ಲೇ ಕರಗಿ ದ್ರವದ ಜೊತೆ ಜಾರಿಹೋಗುವ ಈ ಕುರುಕಲು ಎಷ್ಟು ತಿಂದರೂ ಹೊಟ್ಟೆ ತುಂಬಿದ ಅನುಭವ ಕೊಡುವುದಿಲ್ಲ. ಚಿಕನ್ ಎರಡು ತುಂಡಿಗೆ ಸಾಕು ಅನ್ನುವ ಜಠರ, ಒಂದು ಪ್ಯಾಕೆಟ್ ಮಿಕ್ಸ್‌ಚರಿಗೆ ಏನೂ ಅನ್ನುವುದಿಲ್ಲ. ಜೊತೆಗೆ ನೈಂಟಿಯಲ್ಲೇ 200ಕ್ಕೂ ಹೆಚ್ಚು ಕ್ಯಾಲೊರಿ. ದಿನವಿಡೀ ಒಂದು ಸಾವಿರದ ಆಸುಪಾಸು ತಿನ್ನುವವರಿಗೆ ಅದು ಐದನೇ ಒಂದು ಭಾಗ, ಅದರಲ್ಲಿ ಪ್ರೋಟೀನ್ ಸೊನ್ನೆ. ತೂಕ ಮತ್ತೆ ಏರಲು ಇಷ್ಟು ಸಾಕು.

ಮತ್ತೋ ಕಾಯಿಲೆಯೋ ಗೊತ್ತಾಗದ ಹೊತ್ತು

ಎರಡು ಅಪಾಯಗಳನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇವು ಮನೆಯವರ ಕಣ್ಣು ತಪ್ಪಿಸುತ್ತವೆ.

ಮೊದಲನೆಯದು ಬಿ1 ಅಥವಾ ಥಯಾಮಿನ್ ಎಂಬ ವಿಟಮಿನ್. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಾಗುವಷ್ಟೇ. ಪದೇ ಪದೇ ವಾಂತಿಯಾದರೆ ಅದು ಖಾಲಿ. ಕುಡಿತ ಅದನ್ನು ಇನ್ನೂ ಬೇಗ ಖಾಲಿ ಮಾಡುತ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಇರುವುದೇ ಅಲ್ಪ. ಕೊರತೆ ಮಿತಿಮೀರಿದರೆ ನಡಿಗೆ ತೂರಾಡುತ್ತದೆ, ಕಣ್ಣಿನ ಚಲನೆ ಕೆಡುತ್ತದೆ, ಮಾತು ಗೊಂದಲವಾಗುತ್ತದೆ. ನೋಡಿದವರು ‘ಕುಡಿದಿದ್ದಾನೆ, ಮಲಗಿಸಿ’ ಅನ್ನುತ್ತಾರೆ. ತಡವಾದರೆ ಮಿದುಳಿಗೆ ಶಾಶ್ವತ ಹಾನಿ. ನಮ್ಮಲ್ಲಿ ಸುಸ್ತು, ವಾಂತಿ ಅಂದ ತಕ್ಷಣ ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿಸುವ ರೂಢಿ ಇದೆ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಈ ಸ್ಥಿತಿ ಬಿಗಡಾಯಿಸಬಹುದು. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ ‘ತೂಕದ ಆಪರೇಷನ್ ಆಗಿದೆ’ ಎಂಬ ಮಾತು ಮೊದಲು ಬರಬೇಕು.

ಎರಡನೆಯದು ಸಕ್ಕರೆ ಕುಸಿತ. ಬೈಪಾಸ್ ಆದ ಕೆಲವರಿಗೆ ಊಟವಾಗಿ ಒಂದರಿಂದ ಮೂರು ಗಂಟೆಯಲ್ಲಿ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ಬೆವರು, ನಡುಕ, ತಡಬಡಿಸುವ ಮಾತು. ಹೀಗೆ ಇಳಿದಾಗ ಸಕ್ಕರೆ ತಯಾರಿಸಿ ಕೊಡಬೇಕಾದದ್ದು ಲಿವರ್. ಹೊಟ್ಟೆಯಲ್ಲಿ ಮದ್ಯ ಇದ್ದರೆ ಲಿವರ್ ಆ ಕೆಲಸ ಬಿಟ್ಟು ಮದ್ಯ ಕರಗಿಸುವುದರಲ್ಲಿ ಮುಳುಗಿರುತ್ತದೆ. ಇಲ್ಲೂ ನೋಡುವವರ ಕಣ್ಣಿಗೆ ಕಾಣುವುದು ಅಮಲು ಮಾತ್ರ. ಬೆಳಿಗ್ಗೆ ತಲೆನೋವು ಅಂತ ಸಿಕ್ಕ ನೋವಿನ ಮಾತ್ರೆ ನುಂಗಿದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಅಪಾಯ ಬೇರೆ.

ಇಷ್ಟೆಲ್ಲ ಗೊತ್ತಿದ್ದೂ ಕುಡಿಯುವುದಾದರೂ ಯಾಕೆ ಅಂತ ಕೇಳುವ ಮುಂಚೆ ನಮ್ಮ ನಡವಳಿಕೆಯನ್ನೂ ನೋಡಿಕೊಳ್ಳಬೇಕು. ಬಾಡೂಟದ ಪಂಕ್ತಿಯಲ್ಲಿ ‘ಏನ್ ಗೌಡ್ರೆ, ಇಷ್ಟೇನಾ ಊಟ? ಬಡಿಸ್ರೋ ಇನ್ನೊಂದು ಸೌಟು’ ಅನ್ನುವುದು ನಮ್ಮಲ್ಲಿ ಪ್ರೀತಿ. ಆಫೀಸ್ ಪಾರ್ಟಿಯಲ್ಲಿ ‘ಊಟ ಹೆಂಗೂ ಮಾಡಲ್ಲ, ಒಂದು ಪೆಗ್ ಆದ್ರೂ ತಗೋ ಮಗಾ, ಏನೂ ಆಗಲ್ಲ’ ಅನ್ನುವುದೂ ಪ್ರೀತಿಯೇ. ಆಪರೇಷನ್ ಆದದ್ದನ್ನು ಹೇಳಿಕೊಂಡರೆ ಆಡಿಕೊಳ್ಳುತ್ತಾರೆ ಅಂತ ಬಹಳ ಜನ ಮುಚ್ಚಿಡುತ್ತಾರೆ. ಮುಚ್ಚಿಟ್ಟವರಿಗೆ ಪೆಗ್ ಬೇಡ ಅನ್ನಲು ಕಾರಣ ಸಿಗುವುದಿಲ್ಲ. ಹೆಂಗಸರಾದರೆ ಇನ್ನೂ ಕಷ್ಟ. ಅವರು ಕುಡಿಯುತ್ತಾರೆ ಎಂಬ ಊಹೆಯೇ ಮನೆಯವರಿಗೆ ಇರುವುದಿಲ್ಲ, ವೈದ್ಯರೂ ಕೇಳಲು ಮುಜುಗರಪಡುತ್ತಾರೆ. ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು?

ಕತ್ತರಿಗೆ ದುಡ್ಡು ಉಂಟು, ಪರಿಣಾಮಕ್ಕೆ ಇಲ್ಲ

ಈಗ ದುಡ್ಡಿನ ವಿಷಯಕ್ಕೆ ಬರೋಣ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಆರೋಗ್ಯ ವಿಮೆಗಳಲ್ಲಿ ಯಾವುದಕ್ಕೆ ಹಣ ಕೊಡಬೇಕಿಲ್ಲ ಎಂಬುದಕ್ಕೆ ಏಕರೂಪದ ಪಟ್ಟಿ ತಂದಿತು. ಅದರ 6ನೇ ಸಂಖ್ಯೆ ಬೊಜ್ಜಿನ ಆಪರೇಷನ್. ವೈದ್ಯರ ಸಲಹೆ ಇರಬೇಕು, 18 ದಾಟಿರಬೇಕು, ಬಿಎಂಐ 40 ಇರಬೇಕು ಅಥವಾ ತೀವ್ರ ಕಾಯಿಲೆಗಳ ಜೊತೆ 35 ಇರಬೇಕು. ಈ ಷರತ್ತು ಪೂರೈಸಿದವರಿಗೆ ವಿನಾಯಿತಿಯ ನೆಪ ಹೇಳುವಂತಿಲ್ಲ. ಒಳ್ಳೆಯದೇ. ಆದರೆ ಏಷ್ಯಾದವರಿಗೆ ಕಡಿಮೆ ಬಿಎಂಐನಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬ ಕಾರಣಕ್ಕೆ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ 27.5ರಿಂದಲೇ ಆಪರೇಷನ್ ಪರಿಗಣಿಸಬಹುದು ಅನ್ನುತ್ತದೆ. ಆ ಅಂತರದಲ್ಲಿ ಬೀಳುವವರು ಕೈಯಿಂದಲೇ ಲಕ್ಷಗಟ್ಟಲೆ ಕಟ್ಟಬೇಕು.

ಅದೇ ಪಟ್ಟಿಯ 12ನೇ ಸಂಖ್ಯೆ ನೋಡಿ. ಮದ್ಯವ್ಯಸನ, ಮಾದಕವ್ಯಸನ ಮತ್ತು ಅದರ ಪರಿಣಾಮಗಳ ಚಿಕಿತ್ಸೆಗೆ ಹಣ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕುಡಿತದ ಚಟ ತಗುಲುವ ಸಾಧ್ಯತೆ ಹೆಚ್ಚಿಸುವ ಆಪರೇಷನ್‌ಗೆ ವಿಮೆ ಹಣ ಕೊಡುತ್ತದೆ. ಚಟ ತಗುಲಿದರೆ ‘ಅದು ನಿಮ್ಮ ದುಶ್ಚಟ’ ಅನ್ನುತ್ತದೆ. ಯಾವುದೇ ಔಷಧದ ಅಡ್ಡಪರಿಣಾಮವನ್ನು ನಾವು ಹೀಗೆ ರೋಗಿಯ ತಲೆಗೆ ಕಟ್ಟುವುದಿಲ್ಲ.

ಇದು ಕಾನೂನಿಗಾದರೂ ಹೊಂದುತ್ತದೆಯೇ? 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಸೇರಿಸಿದೆ. ಅದರ 21ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್, ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತದೆ. ಸಂಸತ್ತು ಒಳಗೆ ಕರೆದುಕೊಂಡವರನ್ನು ನಿಯಂತ್ರಕರ ಪಟ್ಟಿ ಬಾಗಿಲಾಚೆ ನಿಲ್ಲಿಸಿದೆ. ಕನಿಷ್ಠ ಆಪರೇಷನ್ ಮಾಡಿಸಿಕೊಂಡವರ ಮಟ್ಟಿಗಾದರೂ 12ನೇ ಸಂಖ್ಯೆ ಅನ್ವಯಿಸಬಾರದು ಎಂಬ ಸ್ಪಷ್ಟನೆಯನ್ನು ಐಆರ್‌ಡಿಎಐ ಕೊಡಬೇಕು. ಇದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.

ಆಸ್ಪತ್ರೆಗಳು ಮಾಡಬೇಕಾದ್ದು ಇನ್ನೂ ಅಗ್ಗದ ಕೆಲಸ. ಕುಡಿತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಐದು ನಿಮಿಷದ ಕೆಲಸ. ಆಪರೇಷನ್‌ಗೆ ಮುನ್ನ ಒಮ್ಮೆ ಕೇಳಿ ಫೈಲಿಗೆ ಸೇರಿಸಿದರೆ ಸಾಲದು. ಎರಡನೇ, ಮೂರನೇ, ಐದನೇ ವರ್ಷವೂ ಕೇಳಬೇಕು, ಗಂಡಸರು ಹೆಂಗಸರು ಅನ್ನದೆ ಎಲ್ಲರನ್ನೂ ಕೇಳಬೇಕು. ‘ಎಷ್ಟು ಡ್ರಿಂಕ್’ ಎಂಬ ಉತ್ತರವನ್ನು ಈ ದೇಹಕ್ಕೆ ತಕ್ಕಂತೆ ಕಡಿಮೆ ಮಿತಿಯಲ್ಲಿ ಅಳೆಯಬೇಕು. ಪ್ಯಾಕೇಜಿನ ದರದಲ್ಲಿ ಕನಿಷ್ಠ ಐದು ವರ್ಷದ ಆಹಾರತಜ್ಞರ, ಮನೋವೈದ್ಯರ ಭೇಟಿಗಳು ಸೇರಿರಬೇಕು. ಡಯಟ್ ಚಾರ್ಟಿನ ಕೊನೆಯಲ್ಲಿ ‘ಮದ್ಯ ಸೇವಿಸಬೇಡಿ’ ಎಂಬ ಒಂದು ಸಾಲು ಹಾಕಿ ಕೈತೊಳೆದುಕೊಂಡರೆ ಆಗುವುದಿಲ್ಲ. ಯಾಕೆ ಬೇಡ ಅನ್ನುವುದನ್ನು ನೈಂಟಿ, ಕ್ವಾರ್ಟರಿನ ಲೆಕ್ಕದಲ್ಲಿ, ಕನ್ನಡದಲ್ಲಿ, ಮನೆಯವರನ್ನೂ ಕೂರಿಸಿಕೊಂಡು ಹೇಳಬೇಕು.

ಈಗಾಗಲೇ ಆಪರೇಷನ್ ಆಗಿ, ಸಂಜೆಯ ಗ್ಲಾಸ್ ಬಿಡಲಾಗುತ್ತಿಲ್ಲ ಅನ್ನಿಸುತ್ತಿದ್ದರೆ ನಾಚಿಕೆಪಡುವ ಕಾರಣ ಇಲ್ಲ, ಇದರಲ್ಲಿ ದೇಹದ ಪಾಲೂ ದೊಡ್ಡದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಲು ಹೋಗದೆ ವೈದ್ಯರ ನಿಗಾದಲ್ಲಿ ನಿಲ್ಲಿಸಬೇಕು ಅನ್ನುವುದೂ ನೆನಪಿರಲಿ.

ಆಪರೇಷನ್ ಮಾಡಿಸಲು ಹೊರಟವರಿಗೆ ಒಂದೇ ಮಾತು. ಆಸ್ಪತ್ರೆಯವರು ‘ಮೊದಲು–ನಂತರ’ ಫೋಟೊ ತೋರಿಸಿದಾಗ, ಆ ‘ನಂತರ’ ಎಷ್ಟು ತಿಂಗಳದ್ದು ಅಂತ ಕೇಳಿ. ಒಂದು ವರ್ಷದ್ದು ಅಂದರೆ, ಐದನೇ ವರ್ಷದಲ್ಲಿ ನನ್ನನ್ನು ನೋಡುವವರು ಯಾರು ಅಂತ ಕೇಳಿ. ಅದಕ್ಕೆ ನೇರ ಉತ್ತರ ಕೊಡುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ.